ಗೋಡೆಯ ಋಣ

ಆ ಸಣ್ಣ ಪಕ್ಷದ ಊರ ಘಟಕಕ್ಕೆ ಅಧ್ಯಕ್ಷರೂ ಅವರೇ, ಕಚೇರಿಯ ಕಸ ಗುಡಿಸುವವರೂ ಅವರೇ, ಹೊಟ್ಟೆಪಾಡಿಗೆ ದರ್ಜಿ. ಅಳತೆಗೆಂದು ಕೈಯೆತ್ತಿ ನಿಂತ ಗಿರಾಕಿ ತಪ್ಪಿಸಿಕೊಂಡು ಎಲ್ಲಿಗೆ ಹೋದಾನು, ಅಧ್ಯಕ್ಷರ ಭಾಷಣ ಶುರುವಾಗಿಬಿಡುತ್ತದೆ: “ಈ ಸಲ ಗಾಳಿ ನಮ್ಮ ಕಡೆಗಿದೆ, ನೋಡ್ತಿರಿ.” ವಿಧಾನಸಭೆಯ ಪ್ರತಿ ಚುನಾವಣೆಯಲ್ಲೂ ಆ ಗಾಳಿ ಅಂಗಡಿಯೊಳಗೇ ಒಂದು ಸುತ್ತು ಹೊಡೆದು ಸುಮ್ಮನಾಗುತ್ತದೆ, ಠೇವಣಿಯೂ ಉಳಿಯುವುದಿಲ್ಲ. ಫಲಿತಾಂಶದ ಮರುದಿನ ಗೆದ್ದವರು ಮೆರವಣಿಗೆ ಹೊರಟರೆ, ಇವರು ಬಕೆಟ್ಟು, ತಗಡಿನ ಚೂರು ಹಿಡಿದು, ತಾವು ಅಂಟಿಸಿದ ಪೋಸ್ಟರುಗಳನ್ನು ತಾವೇ ಕೆರೆಯಲು ಹೊರಡುತ್ತಾರೆ. “ಗೆದ್ದೋರಿಗೇ ಇಲ್ಲದ ಉಸಾಬರಿ ನಿಮಗ್ಯಾಕ್ರೀ?” ಎಂದು ಹೆಂಡತಿ ಗೊಣಗಿದರೆ, “ಗೋಡೆ ಕೊಟ್ಟೋರ ಋಣ ಇಟ್ಕೋಬಾರ್ದು ಕಣೇ. ಮುಂದಿನ ಸಲಾನೂ ಇದೇ ಗೋಡೆ ಕೇಳ್ಬೇಕಲ್ಲ,” ಎನ್ನುತ್ತಾರೆ. ಈ ಸಲವೂ ಸೋತು, ಬೀದಿಯ ಕೊನೆಯ ಮನೆಯ ಗೋಡೆಗೆ ನೀರೆರಚಿ, ಪೋಸ್ಟರಿನ ಒಂದು ಮೂಲೆ ಎಬ್ಬಿಸಿದ್ದರು. ಬಾಗಿಲು ತೆರೆದು ಆ ಮನೆಯಾಕೆ ಹೊರಗೆ ಬಂದಳು. ಬೈಗುಳ ತಿಂದು ರೂಢಿಯಿದ್ದ ಅಧ್ಯಕ್ಷರು ಮೊದಲೇ ತಲೆ ತಗ್ಗಿಸಿದರು. “ಅದೊಂದು ಇರ್ಲಿ ಬಿಡಿ ಅಣ್ಣ,” ಎಂದಳು ಆಕೆ, “ನಾನು ಓಟು ಹಾಕಿದ್ದು ಆ ಗುರ್ತಿಗೇ.” ಅಧ್ಯಕ್ಷರು, ಹೊಲಿಗೆಗೆ ಮುನ್ನ ಬಟ್ಟೆಯ ಸುಕ್ಕು ತೀಡುವಂತೆ, ಎದ್ದ ಆ ಮೂಲೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಬಹಳ ಹೊತ್ತು ನಿಂತರು.