ಕಣ್ಣಿಗೊತ್ತಿಕೊಂಡ ಬಟ್ಟಲು

ಮೆಲ್ಬರ್ನ್‌ನ ಮ್ಯೂಸಿಯಂ ಒಂದರಲ್ಲಿ ಮುಟ್ಟಿ ನೋಡಲೆಂದು ಕೈಗೆ ಕೊಟ್ಟ, ಹೂವಿನ ಚಿತ್ತಾರದ ಹಳೆಯ ಜಪಾನಿ ಮಣ್ಣಿನ ಬಟ್ಟಲನ್ನು ನನ್ನ ಪುಟ್ಟ ಮಗಳು ಅನಘಾ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡುಬಿಟ್ಟಳು!

"ಏಯ್, ಅದು ಪ್ರಸಾದ ಅಲ್ಲ ಕಣೇ!" ಎಂದು ಪಿಸುಗುಟ್ಟಿದೆ. ಎಲ್ಲಿ ಬೈಸಿಕೊಳ್ಳುತ್ತೇವೋ ಎಂದು ನನಗೆ ಭಯ.

ಗೈಡ್ ಜಪಾನಿನ ಹಿರಿಯ ಮಹಿಳೆ. ಅವರು ಬೈಯಲಿಲ್ಲ. ಚಹಾ ಕುಡಿಯುವ ಮುನ್ನ ತಮ್ಮಲ್ಲೂ ಬಟ್ಟಲನ್ನು ಹೀಗೆಯೇ ಎತ್ತಿ ವಂದಿಸುತ್ತಾರೆಂದು ಹೇಳಿ, ಇದನ್ನು ಯಾರು ಕಲಿಸಿದರೆಂದು ಅವಳನ್ನು ಕೇಳಿದರು.

"ಮೈ ಅಜ್ಜಿ ಇನ್ ಮೈಸೂರು!"

ಆಮೇಲೆ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಬಟ್ಟಲನ್ನು ಕಣ್ಣೆತ್ತರಕ್ಕೆ ಎತ್ತಿಯೇ ಮುಂದಿನವರಿಗೆ ಕೊಟ್ಟರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಹುಡುಗಿ, ಅಂದು ಅಷ್ಟೂ ಅಪರಿಚಿತರಿಗೆ ನನ್ನಮ್ಮನ ಪಾಠ ಹೇಳಿಕೊಟ್ಟಿದ್ದಳು.