ತಾತನ ಹ್ಯಾಮ್ ರೇಡಿಯೋಗೆ ಬಂದ ರಬ್ಬರ್ ಗುಂಡಿಯ ಕಂಪ್ಯೂಟರ್

ನಿಮ್ಮ ತಾತನ ಕಿವಿ ಮಂದವಾಗುತ್ತಿದೆ ಎಂದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ಸಾರು ಬಡಿಸಲೇ ಎಂದು ಕೇಳಿದರೆ ನನ್ನ ಕಡೆಗೆ ಮೊಸರಿನ ಪಾತ್ರೆ ಸರಿಸುತ್ತಿದ್ದರು. ಕಾರ್ಖಾನೆಯ ಸುತ್ತಿಗೆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರು. ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೂ ಅವರು ಒಪ್ಪುತ್ತಿರಲಿಲ್ಲ.

ಇದು ಎಂಬತ್ತರ ದಶಕದ ಕೊನೆಯ ಮಾತು. ಯಲಹಂಕದ ಮನೆಯಲ್ಲಿ ಅವರು ಲೈಸೆನ್ಸ್ ಪಡೆದು, ದೂರದೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಇಟ್ಟುಕೊಂಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಧಾರವಾಡದ ಗೆಳೆಯರೊಬ್ಬರ ಜೊತೆ ಮಾತು. ಬಾಯಿಮಾತಲ್ಲ, ಮೋರ್ಸ್, ಗುಂಡಿ ಒತ್ತಿ ಕಳಿಸುವ ಗಿಡ್ಡ ಸದ್ದು, ಉದ್ದ ಸದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆ ಸಣ್ಣ ಕೀಚಲು ಸದ್ದೇ ಅವರಿಗೆ ಕೇಳಿಸದಂತಾಯಿತು. ಕೇಳಿಸಿದವರಂತೆ ತಲೆಯಾಡಿಸಿ, ಅಂದಾಜಿನ ಮೇಲೆ ಉತ್ತರ ಕಳಿಸುತ್ತಿದ್ದರು. ಆಮೇಲೆ ಇಡೀ ದಿನ ಕೂತಲ್ಲಿ ಕೂರುತ್ತಿರಲಿಲ್ಲ. ಮಹಡಿಗೆ ಹತ್ತುವುದು, ಏರಿಯಲ್ ತಂತಿ ಎಳೆದು ನೋಡುವುದು, ಇಳಿಯುವುದು. ತಂತಿಯದೇ ತಪ್ಪು ಎನ್ನುತ್ತಿದ್ದರು. ಅವರ ಚಡಪಡಿಕೆ ನನಗೂ ಅಂಟಿ, ಅಡುಗೆಮನೆಯಲ್ಲಿ ಏನು ತೆಗೆಯಲು ಹೋದೆನೆಂಬುದೇ ಮರೆಯುತ್ತಿತ್ತು.

ಒಂದು ದಿನ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ತಂದರು. ನಮ್ಮ ಸಾಂಬಾರ ಡಬ್ಬಿಗಿಂತ ಹಗುರ, ಮೇಲೆ ಸವೆದ ರಬ್ಬರ್ ಗುಂಡಿಗಳು. ರೇಡಿಯೋ ಕೋಣೆಗೆ ಟೀವಿ ಒಯ್ದು ಅದಕ್ಕೆ ಸಿಕ್ಕಿಸಿ, ಮೋರ್ಸ್ ಸದ್ದನ್ನು ಅಕ್ಷರವಾಗಿ ತೋರಿಸುವ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಅದರೊಳಗೆ ಹಾಕಬೇಕು. ಕ್ಯಾಸೆಟ್ ಕಿರುಚುತ್ತಿತ್ತು, ಟೀವಿಯ ಅಂಚಿನಲ್ಲಿ ಬಣ್ಣದ ಗೆರೆಗಳು ಓಡುತ್ತಿದ್ದವು. ವಾಲ್ಯೂಮ್ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮತ್ತೆ ಮೊದಲಿನಿಂದ. ಸ್ವಿಚ್ ಆರಿಸಿದರೆ ಎಲ್ಲ ಅಳಿಸಿಹೋಗುತ್ತಿತ್ತು. ಪ್ರತಿ ವಾರವೂ ಹೊಸದಾಗಿ ಹಾಕಬೇಕು. ಮಿಕ್ಸಿ ಹಾಕಿದರೂ ಕೆಡುತ್ತಿತ್ತೆಂದು ಭಾನುವಾರದ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಿದ್ದೆ. ಪಕ್ಕದ ಮನೆಯವರು ಧಾರಾವಾಹಿ ನೋಡಲು ಬರುವಷ್ಟರಲ್ಲಿ ಟೀವಿಯನ್ನೂ ಬಿಡಿಸಿ ಹೊರಗೆ ತಂದಿಡಬೇಕಿತ್ತು.

ಎಷ್ಟೋ ಸಲ ಕೆಟ್ಟ ಮೇಲೆ ಒಂದು ಭಾನುವಾರ ಪ್ರೋಗ್ರಾಮು ಒಳಗೆ ಕೂತಿತು. ರೇಡಿಯೋದ ತಂತಿಯನ್ನು ಅದಕ್ಕೆ ಸಿಕ್ಕಿಸಿದರು. ಗೆಳೆಯರ ಸದ್ದು ಬಂತು, ಟೀವಿಯ ಮೇಲೆ ಅಕ್ಷರಗಳೂ ಬಂದವು. ಒಂದಕ್ಕೊಂದು ಸೇರದ, ಅರ್ಥವಿಲ್ಲದ ಅಕ್ಷರಗಳು.

"ಅವನದು ಹಾಡೋ ಕೈ ಕಣೇ," ಎಂದರು ತಾತ. "ಇಷ್ಟು ವರ್ಷ ಆ ಲಯದ ಮೇಲೇ ಗುರುತು ಹಿಡೀತಿದ್ದೆ. ಈ ಡಬ್ಬಿಗೆ ಒಂದೇ ಅಳತೇಲಿ ಕೊಟ್ರೇನೇ ತಿಳಿಯೋದು."

"ಹಂಗೇ ನಿಧಾನಕ್ಕೆ ಕೊಡಿ ಅಂತ ಹೇಳ್ಬಿಡಿ."

"ಯಾಕೆ ಅಂತ ಕೇಳ್ತಾನೆ."

"ಕೇಳಿದ್ರೆ ಹೇಳಿ."

ಅವರು ನನ್ನನ್ನೇ ನೋಡಿದರು. "ಕಿವುಡ ಅಂತ ಗೊತ್ತಾದ್ರೆ ಪಾಪ ಅಂತ ಮಾತಾಡಿಸ್ತಾನೆ. ಆಮೇಲೆ ಅದೂ ನಿಂತೋಗುತ್ತೆ."

ಅಲ್ಲಿಯವರೆಗೆ ನಾನು ಅವರ ರೇಡಿಯೋ ಕೋಣೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದವಳು. ಅವತ್ತು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ನಿಂತೆ. ಅವರು ಒಮ್ಮೆ ಎದ್ದು ಕಿಟಕಿಯವರೆಗೆ ಹೋದರು, ಬಂದು ಕೂತರು, ಮತ್ತೆ ಎದ್ದರು. ಕೊನೆಗೆ ಗುಂಡಿಯ ಮೇಲೆ ಬೆರಳಿಟ್ಟು, ಕಿವಿ ಕೇಳಿಸುವುದಿಲ್ಲ, ಒಂದೇ ಸಮನೆ ಕೊಡು ಎಂದು ಕಳಿಸಿದರು.

ಆಮೇಲೆ ಒಂದನೇ ತರಗತಿಯ ಮಗು ತಿದ್ದಿದ ಹಾಗೆ ಒಂದೊಂದೇ ಅಕ್ಷರ ಟೀವಿಯ ಮೇಲೆ ಮೂಡಿತು. ಇಂಗ್ಲಿಷಿನಲ್ಲಿ ಬಂದುದನ್ನು ತಾತ ನನಗೆ ಕನ್ನಡದಲ್ಲಿ ಓದಿ ಹೇಳಿದರು:

"ಹೋದ ತಿಂಗಳು ನನ್ನ ಹೆಂಡತಿಗೆ ಜ್ವರ ಅಂದೆ. ನೀನು ಬಹಳ ಸಂತೋಷ ಅಂದೆ. ಅವತ್ತೇ ಗೊತ್ತಾಯ್ತು."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ, ಹಣೆಗೆ ಕೈ ಹಚ್ಚಿಕೊಂಡು, ಈಗ ಹೇಗಿದ್ದಾರೆ ಎಂದು ಆತುರಾತುರವಾಗಿ ಕೇಳಿ ಕಳಿಸಿದರು. ಟೀವಿಯಿಂದ ಕಣ್ಣು ತೆಗೆಯದೆ, ಕುರ್ಚಿಯ ತುದಿಯಲ್ಲಿ ಕೂತು ಕಾದರು. ಒಂದೊಂದು ಅಕ್ಷರದ ಸದ್ದು ಮುಗಿದ ಮೇಲಷ್ಟೇ ಅದು ಟೀವಿಯ ಮೇಲೆ ಮೂಡುತ್ತಿತ್ತು. ಹಾಗಾಗಿ ಉತ್ತರದ ಸದ್ದು ಮೊದಲು ನನ್ನ ಕಿವಿಗೇ ಬಿತ್ತು.

"ಬಂತು ರೀ," ಎಂದೆ, ಅವರಿಗೆ ಕೇಳಿಸುವಷ್ಟು ಜೋರಾಗಿ.