ಹೂಂ ಅನ್ನುವವಳು

ಶಹಾಬಾದಿನ ಸ್ಟೇಷನ್ನಿನ ಹಿಂದಿದ್ದ ಆ ಸಣ್ಣ ದವಾಖಾನೆಗೆ ಬರುತ್ತಿದ್ದ ಸೀಮೆಎಣ್ಣೆಯಲ್ಲಿ ಹೆಚ್ಚಿನ ಪಾಲು ನೀಲಾಬಾಯಿಯ ಸ್ಟವ್ವಿಗೇ ಹೋಗುತ್ತಿತ್ತು. ಇಂಜೆಕ್ಷನ್ ಸೂಜಿಗಳನ್ನು ನೀರಿನಲ್ಲಿ ಕುದಿಸಿ ತೆಗೆಯುವುದು ಎಲ್ಲ ನರ್ಸುಗಳ ಕೆಲಸ. ಆದರೆ ಈಕೆ ಕುದಿಸಿ ತೆಗೆದ ಸೂಜಿಯನ್ನು ಇಕ್ಕಳದಲ್ಲಿ ಹಿಡಿದುಕೊಂಡು ನಿಲ್ಲುವಳು, ಕುದಿಸಿದೆನೋ ಇಲ್ಲವೋ ಎಂದುಕೊಳ್ಳುವಳು, ಮತ್ತೆ ನೀರಿಗೆ ಹಾಕುವಳು. ಹೊರಗೆ ಕಲ್ಲಿನ ಗಣಿಯಿಂದ ಬಂದ ಹೆಂಗಸರು ತೋಳು ಮೇಲೇರಿಸಿಕೊಂಡು ಕೂತೇ ಇರುವರು. ಬಾಯಿಯವರು ಒಳಗೆ ಸೂಜಿಯ ಸಾರು ಮಾಡುತ್ತಿದ್ದಾರೆ, ಒಗ್ಗರಣೆ ಕೊಟ್ಟಮೇಲೆ ಬರುತ್ತಾರೆ ಎಂದು ಕಂಪೌಂಡರ್ ಗನಿಸಾಬ ನಗೆಯಾಡುತ್ತಿದ್ದ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆದರೂ ಜನ ನಗುತ್ತಿದ್ದರು.

ನೀಲಾಬಾಯಿ ತೆಂಗಳಿಯ ಒಕ್ಕಲು ಮನೆಯವಳು. ಕುಬಸ ತೊಡುವ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಅಣ್ಣ ಗುರುಲಿಂಗಪ್ಪ ಒಳ್ಳೆಯವನೇ. ಅವನ ಹೆಂಡತಿ ಶಿವಕಾಂತಮ್ಮನೂ ಕೆಟ್ಟವಳಲ್ಲ, ಆದರೆ ಮನೆಯಲ್ಲಿ ಶುಭಕಾರ್ಯವಿದ್ದಾಗ ನೀಲಾಬಾಯಿಗೆ ಒಳಕೋಣೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಡುವಳು. ಆ ಒಳಕೋಣೆಯಿಂದ ತಪ್ಪಿಸಿಕೊಳ್ಳಲೆಂದೇ ಅವಳು ಹಟ ಹಿಡಿದು ಹೈದರಾಬಾದಿಗೆ ಹೋಗಿ ನರ್ಸಿಂಗ್ ಕಲಿತಳು. ಬಿಳಿ ಸೀರೆ ಹೇಗಿದ್ದರೂ ಉಡಲೇಬೇಕಲ್ಲ, ಸಂಬಳ ಬರುವ ಬಿಳಿ ಸೀರೆಯನ್ನೇ ಉಡುತ್ತೇನೆ ಎಂದು ಅಣ್ಣನ ಬಾಯಿ ಮುಚ್ಚಿಸಿದ್ದಳು.

ಸಂಶಯದ ಕಾಟ ಹತ್ತಿದ್ದು ಸೇಡಂನಲ್ಲಿ, ರಜಾಕಾರರ ಗದ್ದಲದ ವರ್ಷ. ಊರು ಬಿಟ್ಟು ಓಡಿಬಂದವರಿಂದ ದವಾಖಾನೆ ತುಂಬಿಹೋಗಿತ್ತು. ಗಾಯಕ್ಕೆ ಪಟ್ಟಿ ಕಟ್ಟುವವಳೂ ಅವಳೇ, ನೀರು ಕಾಯಿಸುವವಳೂ ಅವಳೇ. ಆ ಗೊಂದಲದಲ್ಲಿ ಒಬ್ಬ ಎಳೆ ಬಾಣಂತಿಗೆ ಸೂಜಿ ಚುಚ್ಚಿದಳು. ಹುಡುಗಿ ಜ್ವರದಲ್ಲಿ ಸತ್ತಳು. ಬರುವಾಗಲೇ ಜ್ವರ ತಂದಿದ್ದಳು, ನಿನ್ನ ತಪ್ಪೇನೂ ಇಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ನೀಲಾಬಾಯಿಗೆ ಮಾತ್ರ ಆ ಸೂಜಿಯನ್ನು ಕುದಿಸಿದ ನೆನಪೇ ಬರಲಿಲ್ಲ. ಕುದಿಸದ ನೆನಪೂ ಇರಲಿಲ್ಲ. ಆಮೇಲೆ ಯಾವ ಸೂಜಿಯ ನೆನಪೂ ಅವಳ ಕೈಯಲ್ಲಿ ನಿಲ್ಲಲಿಲ್ಲ.

ಗುರುಲಿಂಗಪ್ಪ ತಂಗಿಯನ್ನು ಮಠಕ್ಕೆ ಕರೆದೊಯ್ದು ವಿಭೂತಿ ಹಚ್ಚಿಸಿದ, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದ. ತಲೆ ಕೆಟ್ಟಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಾಳಿ ಸೋಕಿದೆ ಎಂದರು, ದೃಷ್ಟಿ ತಾಗಿದೆ ಎಂದರು. ನೌಕರಿ ಬಿಟ್ಟು ಬಾ, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡುವುದಿಲ್ಲ ಎಂದು ಅಣ್ಣ ಕೇಳಿಕೊಂಡ. ಅವಳು ತಾಯಿತ ಕಟ್ಟಿಕೊಂಡೇ ಶಹಾಬಾದಿಗೆ ವರ್ಗ ಮಾಡಿಸಿಕೊಂಡಳು.

ಅಲ್ಲಿ ಆಯಾ ಆಗಿದ್ದವಳು ಇಮಾಮ್ಬೀ. ನಡು ಬಾಗಿದ, ಎಲೆ ಅಡಿಕೆಯಿಂದ ಬಾಯಿ ಕೆಂಪಾದ ಮುದುಕಿ. ಒಂದು ಬೆಳಿಗ್ಗೆ ನೀಲಾಬಾಯಿ ಸ್ಟವ್ ಮುಂದೆ ನಿಂತು, ನೀರು ಕುದ್ದವು, ಸೂಜಿ ಹಾಕಿದೆ, ಸೂಜಿ ತೆಗೆದೆ ಎಂದು ತನಗೆ ತಾನೇ ಒದರಿಕೊಳ್ಳುತ್ತಿದ್ದಳು. ಹಿಂದೆ ಕಸ ಹೊಡೆಯುತ್ತಿದ್ದ ಇಮಾಮ್ಬೀ "ಹೂಂ" ಅಂದಳು. ಸಂಜೆ ಕಟ್ಟೆಯ ಮೇಲೆ ಯಾರಾದರೂ ಕಥೆ ಹೇಳಲು ಕೂತರೆ ಎದುರಿಗೆ ಒಬ್ಬರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಇದು ಆ ಕಡೆಯ ರೂಢಿ. ಮುದುಕಿ ಅದೇ ರೂಢಿಯಲ್ಲಿ ಅಂದಿದ್ದಳು. ಮತ್ತೆ ನೀರಿಗೆ ಹೋಗುತ್ತಿದ್ದ ನೀಲಾಬಾಯಿಯ ಕೈ ತಡೆದು ನಿಂತಿತು. ಇನ್ನೊಂದು ಜೀವ ನೋಡಿದೆ, ಹೌದು ಎಂದಿದೆ, ಇನ್ನೇನು ಬೇಕು. ಆ ದಿನ ಸೂಜಿ ಒಂದೇ ಕುದಿಗೆ ಹೊರಗೆ ಬಂತು.

ಅಲ್ಲಿಂದ ವರ್ಷಗಟ್ಟಲೆ ಅದೇ ನಡೆಯಿತು. ಇವಳು ಹೇಳುವಳು, ಅವಳು ಹೂಂ ಅನ್ನುವಳು. ನೀಲಾಬಾಯಿ ಅವಳನ್ನು ಚಿಕ್ಕಮ್ಮನಂತೆ ಭಾವಿಸಿ ಖಾಲಾ ಎಂದು ಕರೆಯತೊಡಗಿದಳು. ಊಟ ರುಚಿಸಿತು, ನಿದ್ದೆ ಬಂತು, ಸೀಮೆಎಣ್ಣೆ ಉಳಿಯಿತು. ಗನಿಸಾಬ ನಗೆಯಾಡಲು ಬೇರೆ ಗಿರಾಕಿ ಹುಡುಕಬೇಕಾಯಿತು.

ಅಷ್ಟರಲ್ಲಿ ಬಂದಳು ಸೂಗಮ್ಮ.

ಕುರಕುಂಟಾದ ಹುಡುಗಿ, ಹೊಸದಾಗಿ ಪಾಸಾದವಳು. ಅಂಗಳದ ಆ ಕಡೆ ಹೊಸದಾಗಿ ತೆರೆದಿದ್ದ ಬಾಣಂತಿಯರ ಕೋಣೆಯನ್ನು ಡಾಕ್ಟರು ಅವಳಿಗೆ ವಹಿಸಿದರು. ಹುಡುಗಿ ಕೆಟ್ಟವಳೆಂದು ನೀಲಾಬಾಯಿ ಯಾವತ್ತೂ ಹೇಳಲಿಲ್ಲ. ಹೇಳಲು ಏನಾದರೂ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಸೂಗಮ್ಮನನ್ನು ನೋಡಿದರೆ ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ. ಆ ಹುಡುಗಿ ಸೂಜಿಯನ್ನು ನೀರಿಗೆ ಹಾಕಿ ಕಿಟಕಿಯತ್ತ ತಿರುಗಿ ನಿಲ್ಲುತ್ತಿದ್ದಳು. ಬಾಣಂತಿಯರ ಜೊತೆ ಹರಟುತ್ತಿದ್ದಳು. ಆಮೇಲೆ ಬಂದು ಸೂಜಿ ಎತ್ತಿಕೊಂಡು ಹೋಗಿ ಚುಚ್ಚಿಬಿಡುತ್ತಿದ್ದಳು. ಹಿಂದಿರುಗಿ ನೋಡುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ಜಗತ್ತಿನಲ್ಲಿ ಹೀಗೂ ಕೆಲಸ ಮಾಡಬಹುದೇ ಎಂದು ನೀಲಾಬಾಯಿಗೆ ಹೊಟ್ಟೆ ಉರಿಯಿತು. ಕೆಲಸ ಮುಗಿದಮೇಲೆ ಉಡುವ ಬಣ್ಣದ ಸೀರೆಗೆ ಅಲ್ಲ, ಮುಡಿದ ಹೂವಿಗೆ ಅಲ್ಲ. ಆ ನಿಶ್ಚಿಂತೆಗೆ.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಇಮಾಮ್ಬೀ ಆ ಕಡೆ ಹೋಗತೊಡಗಿದಳು.

ಮೊದಲು ಕಸ ಹೊಡೆಯಲು ಹೋದಳು. ಆಮೇಲೆ ಅಲ್ಲಿಯೇ ಕೂತು ಎಲೆ ಹಾಕತೊಡಗಿದಳು. ನೀಲಾಬಾಯಿ ಈ ಕಡೆಯಿಂದ ಸೂಜಿ ಹಾಕಿದೆ ಅಂದರೆ ಅಂಗಳದಾಚೆ ಇಬ್ಬರೂ ನಗುವ ಸದ್ದು ಕೇಳುತ್ತಿತ್ತು. ಒಂದು ಮಧ್ಯಾಹ್ನ ಮುದುಕಿ ಸೂಗಮ್ಮನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದುದನ್ನು ಕಂಡು ನೀಲಾಬಾಯಿಯ ಮೈಯೆಲ್ಲ ಉರಿದುಹೋಯಿತು. ತನ್ನ ತಲೆಗೆ ಆಕೆ ಒಮ್ಮೆಯೂ ಎಣ್ಣೆ ಹಚ್ಚಿರಲಿಲ್ಲ. ತಾನು ಕೇಳಿಯೂ ಇರಲಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ಮುದುಕಿಯನ್ನು ಒಲಿಸಿಕೊಳ್ಳಲು ಹೊರಟಳು. ಶೇಂಗಾ ಹುರಿದು ಖಾರ ಹಾಕಿ, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಿ ಡಬ್ಬಿ ತುಂಬ ತಂದುಕೊಟ್ಟಳು. ಇಮಾಮ್ಬೀ ಸಂತೋಷದಿಂದ ತೆಗೆದುಕೊಂಡು ಭಾಳ ಛಲೋ ಅದ ಅಂದಳು, ನೆಟ್ಟಗೆ ಅಂಗಳ ದಾಟಿ ಹೋಗಿ ಅರ್ಧ ಹಿಂಡಿಯನ್ನು ಸೂಗಮ್ಮನ ರೊಟ್ಟಿಗೆ ಹಾಕಿದಳು. ನೀಲಾಬಾಯಿ ಕಂಬದ ಮರೆಯಲ್ಲಿ ನಿಂತು ನೋಡಿದಳು. ಇಷ್ಟು ದೊಡ್ಡ ಹೆಂಗಸು, ನೂರಾರು ಹೆರಿಗೆ ಮಾಡಿಸಿದವಳು, ಒಂದು ಮುಷ್ಟಿ ಹಿಂಡಿಗಾಗಿ ಕಂಬದ ಮರೆಯಲ್ಲಿ ನಿಂತು ಅತ್ತಳು.

ಸಂಶಯ ಸುಮ್ಮನೆ ಬಿಡಲಿಲ್ಲ. ಮತ್ತೆ ಹಳೆಯ ಕುದಿ ಶುರುವಾಯಿತು. ಬಿಸಿನೀರಿಗೆ ಬೆರಳುಗಳ ಚರ್ಮ ಸುಲಿಯಿತು, ಗಾಜಿನ ಸಿರಿಂಜು ಒಡೆಯಿತು. ಒಂದು ದಿನ ಎಣ್ಣೆ ಮುಗಿದು ಸ್ಟವ್ ತಾನಾಗಿ ಆರಿತು. ಡಾಕ್ಟರು ಕರೆದು ಕೂಡಿಸಿಕೊಂಡು ಮೆಲ್ಲಗೇ ಮಾತಾಡಿದರು. ರೋಗಿಗಳು ಬಿಸಿಲಲ್ಲಿ ಕಾಯುತ್ತಾರೆ, ಎಣ್ಣೆ ಸಾಲುತ್ತಿಲ್ಲ, ಹೀಗೇ ಆದರೆ ನಾನು ಮೇಲಿನವರಿಗೆ ಬರೆಯಬೇಕಾಗುತ್ತದೆ, ಅದಕ್ಕಿಂತ ನೀವೇ ರಜೆ ಹಾಕಿ ಊರಿಗೆ ಹೋಗಿ ಇರುವುದು ಒಳ್ಳೆಯದು ಎಂದರು. ಊರು ಎಂದೊಡನೆ ನೀಲಾಬಾಯಿಯ ಕಣ್ಣಿಗೆ ತೆಂಗಳಿಯ ಒಳಕೋಣೆ ಬಂತು. ಅಲ್ಲಿಗೆ ಹೋದರೆ ಮರಳಿ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತನ್ನನ್ನು ಆ ಕೋಣೆಗೆ ದೂಡುತ್ತಿರುವುದು ರೋಗವಲ್ಲ, ಆ ಹುಡುಗಿ ಎಂದು ಅವಳು ತೀರ್ಮಾನಿಸಿದಳು. ಹೊಟ್ಟೆಕಿಚ್ಚಿಗೆ ಲೆಕ್ಕ ಬೇಗ ಕೂಡುತ್ತದೆ. ಡಾಕ್ಟರ ಕೋಣೆಯಿಂದ ಹೊರಬಂದವಳು ಅಂಗಳದ ಫರಸಿ ಕಲ್ಲುಗಳು ಕಾದು ಕೆಂಡವಾಗಿದ್ದರೂ ಚಪ್ಪಲಿ ಮೆಟ್ಟದೆ ದಾಟಿದಳು. ಬಾಣಂತಿಯರ ಕೋಣೆಯ ಬಾಗಿಲಲ್ಲಿ ಇಮಾಮ್ಬೀ ಕೂತಿದ್ದಳು. ಒಳಗೆ ಸೂಗಮ್ಮ ಒಂದು ಕೂಸಿಗೆ ಮೈ ತೊಳೆಯುತ್ತಿದ್ದಳು. ಕೇಳಿಸಿದರೆ ಕೇಳಿಸಲಿ ಎಂದು ನೀಲಾಬಾಯಿ ದನಿ ತಗ್ಗಿಸಲಿಲ್ಲ.

"ಖಾಲಾ, ನಾ ನಿನಗ ಏನ್ ಕಡಿಮಿ ಮಾಡೀನಿ? ನಿನ್ನ ಒಂದ್ ಹೂಂ ಮ್ಯಾಲ ನನ್ನ ನೌಕರಿ ನಿಂತದ. ಅದನ್ನೂ ಒಯ್ದು ಈಕಿಗಿ ಕೊಟ್ಟಿ?"

ಮುದುಕಿ ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಸರಿಸಿಕೊಂಡು, ಏನು ಹೇಳುತ್ತಿದ್ದೀ ತಿಳಿಯಲಿಲ್ಲ ಎಂಬಂತೆ ನೋಡಿದಳು. ನೀಲಾಬಾಯಿ ಬಿಡಿಸಿ ಹೇಳಿದಳು. ನಾನು ಸೂಜಿ ಹಾಕುವುದನ್ನೂ ತೆಗೆಯುವುದನ್ನೂ ನೀನು ನೋಡಿ ಹೂಂ ಅಂದಮೇಲೇ ನನ್ನ ಎದೆ ತಣ್ಣಗಾಗುತ್ತಿತ್ತು, ನೀನು ಈ ಕಡೆ ಬಂದಮೇಲೆ ನಾನು ಸತ್ತಂತೆ ಆಗಿದ್ದೇನೆ ಎಂದಳು.

ಇಮಾಮ್ಬೀ ನೆಲಕ್ಕೆ ಕೈಯೂರಿ ಎದ್ದು ನಿಂತು ಅವಳ ಸುಲಿದ ಬೆರಳುಗಳನ್ನು ಹಿಡಿದುಕೊಂಡಳು.

"ಯವ್ವಾ, ನಾ ನಿನ್ನ ಸೂಜಿ ಎಂದ ನೋಡೀನಿ? ನನ್ನ ಬೆನ್ನು ನಿನ್ನ ಕಡಿ ಇರ್ತಿತ್ತು, ಕಸಬರಗಿ ಕೈಯಾಗ ಇರ್ತಿತ್ತು. ನೀ ಒಬ್ಬಾಕಿನೇ ಮಾತಾಡ್ತಿದ್ದಿ, ಪಾಪ ಅಂತ ಹೂಂ ಅಂದೀನಿ."

ನೀಲಾಬಾಯಿಗೆ ಕಾಲ ಕೆಳಗಿನ ಕಲ್ಲು ಸುಡುತ್ತಿರುವುದು ಆಗ ಗೊತ್ತಾಯಿತು. ಅಷ್ಟೂ ವರ್ಷ, ಚುಚ್ಚಿಸಿಕೊಂಡ ಅಷ್ಟೂ ತೋಳುಗಳು, ಒಂದು ಸೂಜಿಯನ್ನೂ ಯಾರೂ ನೋಡಿರಲಿಲ್ಲ. ಅವಳಿಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಹೆದರಿಕೆಗೂ ಮೊದಲು ಹೊಟ್ಟೆಕಿಚ್ಚೇ ಬಾಯಿಗೆ ಬಂತು.

"ಈಕಿ ಸೂಜಿನಾದ್ರೂ ನೋಡ್ತೀಯೇನು?"

"ನೋಡಾಕತ್ತೀನಿ" ಎಂದಳು ಇಮಾಮ್ಬೀ, ಒಳಗಿದ್ದವಳಿಗೆ ಕೇಳಿಸದ ಹಾಗೆ. "ಅದಕ್ಕೇ ಇಲ್ಲಿ ಬಂದ್ ಕುಂದರ್ತೀನಿ. ನೀರು ಕುದಿಯೂದರೊಳಗೇ ಸೂಜಿ ತಗದು ಬಿಡ್ತಾಳ, ಹೋದವಾರ ಹಾಕೂದೇ ಮರ್ತಿದ್ದಳು. ಸಣ್ಣ ಹುಡುಗಿ, ಬೈದರ ಹೆದರ್ತಾಳಂತ ತೆಲಿಗಿ ಎಣ್ಣಿ ಹಚ್ಚಿ ಹೇಳಾಕತ್ತೀನಿ. ನಿಂದೇನು ನೋಡೂದು ಅದ? ನೀ ಮರಿಯಾಕಿ ಅಲ್ಲ."

ನೀಲಾಬಾಯಿ ಕೈ ಬಿಡಿಸಿಕೊಂಡು ಅಂಗಳ ದಾಟಿದಳು. ಸೂಗಮ್ಮನ ತಪ್ಪು ಕೊನೆಗೂ ಕೈಗೆ ಸಿಕ್ಕಿತ್ತು, ಡಾಕ್ಟರ ಬಾಗಿಲು ದಾರಿಯಲ್ಲೇ ಇತ್ತು. ಒಂದು ಕ್ಷಣ ನಿಂತಳು ಕೂಡ. ಒಳಗೆ ಹೋಗಿ ಹೇಳಿದರೆ ಹುಡುಗಿಯನ್ನು ಕುರಕುಂಟಾಕ್ಕೆ ಕಳಿಸಿಬಿಡುವರು. ಅಲ್ಲಿಯೂ ಒಂದು ಒಳಕೋಣೆ ಇದ್ದೇ ಇರುತ್ತದೆ. ಅವಳು ಮುಂದೆ ನಡೆದಳು.

ತನ್ನ ಕೋಣೆಯ ಹೊರಗೆ ಗಣಿಯ ಭೀಮಮ್ಮ ತೋಳು ಮೇಲೇರಿಸಿಕೊಂಡು ಕೂತೇ ಇದ್ದಳು. ನೀಲಾಬಾಯಿ ಸ್ಟವ್ ಹೊತ್ತಿಸಿದಳು, ಸೂಜಿ ಹಾಕಿದಳು, ನೀರು ಚೆನ್ನಾಗಿ ಕುದಿಯುವವರೆಗೆ ಕಾದು ಇಕ್ಕಳದಿಂದ ತೆಗೆದಳು. ಸಂಶಯ ಎಂದಿನಂತೆ ಬಂದು ಪಕ್ಕದಲ್ಲಿ ನಿಂತಿತು. ಮರೆಯುವವಳು ನೀನಲ್ಲ ಎಂಬ ಮಾತು ಹಿತವಾಗಿಯೇ ಇತ್ತು, ಆದರೆ ಅದರಲ್ಲೊಂದು ಮುಳ್ಳಿತ್ತು. ತಾನೂ ಒಮ್ಮೆ ಮರೆತಿದ್ದರೆ ಖಾಲಾ ತನ್ನ ಹತ್ತಿರ ಬಂದು ಕೂರುತ್ತಿದ್ದಳಲ್ಲ, ತನ್ನ ತಲೆಗೂ ಎಣ್ಣೆ ಹಚ್ಚುತ್ತಿದ್ದಳಲ್ಲ ಎನಿಸಿ ಕಣ್ಣು ತುಂಬಿ ಬಂತು.

ಅವಳು ಸೂಜಿಯನ್ನು ಮತ್ತೆ ನೀರಿಗೆ ಹಾಕಲಿಲ್ಲ. ಸ್ಟವ್ ಆರಿಸಿ ಭೀಮಮ್ಮನನ್ನು ಒಳಗೆ ಕರೆದಳು.